ನಲಿ-ಕಲಿ ಕಾರ್ಡು ಎಲ್ಲ ಮಕ್ಕಳ ಕೈಗೂ ಎಟುಕಬೇಕು: ಏನು, ಎಷ್ಟು, ಹೇಗೆ? (ಮಂಡ್ಯ–ಮೈಸೂರು)

ಕಬ್ಬಿನಗದ್ದೆ ಮೇಷ್ಟ್ರು:
ಚರ್ಚೆಗೆ ಒಂದು ಮಾದರಿ ತರಗತಿ ಇಟ್ಕೊಳ್ಳೋಣ. ಮಂಡ್ಯ ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆ, ಒಂದೇ ಕೋಣೆ, 1ರಿಂದ 3ನೇ ತರಗತಿಯ 22 ಮಕ್ಕಳು, ನಲಿ-ಕಲಿ (ಚಟುವಟಿಕೆ ಕಾರ್ಡು ಹಿಡಿದು ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ). ಅವರಲ್ಲಿ:

1ನೇ ತರಗತಿ – ಕಣ್ಣು ಪೂರ್ತಿ ಕಾಣದ ಹುಡುಗಿ.
1ನೇ ತರಗತಿ – ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಹುಡುಗ. ಕೈ ಬಿಗಿ, ಮಾತು ಅಸ್ಪಷ್ಟ, ತಿಳಿವಳಿಕೆ ಚುರುಕು.
2ನೇ ತರಗತಿ – ಎರಡೂ ಕಿವಿಗೆ ಶ್ರವಣ ಸಾಧನ ಹಾಕುವ ಹುಡುಗ.
3ನೇ ತರಗತಿ – ಲೆಕ್ಕದಲ್ಲಿ ಮುಂದು, ಆದರೆ ಓದುವಾಗ ಒತ್ತಕ್ಷರ ಬಂದರೆ ನಿಂತುಬಿಡುವ ಹುಡುಗಿ.

ಬಿಐಇಆರ್‌ಟಿ (ಇಂಥ ಮಕ್ಕಳಿಗಾಗಿ ಬ್ಲಾಕ್ ಮಟ್ಟದಲ್ಲಿರುವ ಸಂಪನ್ಮೂಲ ಶಿಕ್ಷಕರು) ವಾರಕ್ಕೊಂದು ದಿನ ಬರ್ತಾರೆ ಅಂದುಕೊಳ್ಳಿ. ಉಳಿದ ದಿನ ಒಬ್ಬರೇ ಶಿಕ್ಷಕರು. "ಮಗುವಿಗೆ ಪ್ರೀತಿ ಕೊಡಿ, ಎಲ್ಲರೂ ಸಮಾನರು" ಅನ್ನೋ ಮಾತು ತರಬೇತಿಯಲ್ಲಿ ಬೇಕಾದಷ್ಟು ಸಿಗುತ್ತೆ. ಇಲ್ಲಿ ಬೇಕಿರೋದು ಸಾಮಾನು, ಅಳತೆ, ವಿಧಾನ, ಎಲ್ಲಿ ಕೆಡುತ್ತೆ ಅನ್ನೋದು. ಅದನ್ನಷ್ಟೇ ಬರೀರಿ.

ಬೆಲ್ಲದಚ್ಚು:
ಮೊದಲು ಒಂದು ಮಾತು. ನಲಿ-ಕಲಿ 1995ರಲ್ಲಿ ಶುರುವಾಗಿದ್ದು ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲೇ. ಅದರ ಹೊಟ್ಟೆಯಲ್ಲೇ ನಿಮಗೆ ಬೇಕಾದ ವ್ಯವಸ್ಥೆ ಇದೆ. ಏಣಿ (ಕಲಿಕೆಯ ಹೆಜ್ಜೆಗಳ ಪಟ್ಟಿ), ಮೈಲಿಗಲ್ಲು (ಆ ಏಣಿಯ ಒಂದೊಂದು ಘಟ್ಟ), ಪ್ರತಿ ಮಗುವಿಗೆ ಅದರದೇ ವೇಗ, ಐದು ತಟ್ಟೆ (ಮಕ್ಕಳು ಕೂರುವ ಗುಂಪು): ಶಿಕ್ಷಕರ ಬೆಂಬಲದ್ದು, ಭಾಗಶಃ ಶಿಕ್ಷಕರದ್ದು, ಗೆಳೆಯರ ಬೆಂಬಲದ್ದು, ಭಾಗಶಃ ಗೆಳೆಯರದ್ದು, ಸ್ವಕಲಿಕೆ. ವಿಶೇಷ ಶಿಕ್ಷಣದವರು "ವೈಯಕ್ತಿಕ ಯೋಜನೆ" ಅಂತ ಬೇರೆ ಕಡತ ತೆರೆಯೋ ಮೊದಲು ಏಣಿಯನ್ನೇ ಒಮ್ಮೆ ನೋಡಲಿ. ಮಗು ಯಾವ ಮೈಲಿಗಲ್ಲಿನಲ್ಲಿದೆ ಅಂತ ಪ್ರಗತಿನೋಟದ ಪಟ್ಟಿ ಹೇಳ್ತಾ ಇರುತ್ತೆ.

ಎಡವಟ್ಟಾಗೋದು ಎಲ್ಲಿ ಗೊತ್ತಾ? ಆ ನಾಲ್ಕು ಮಕ್ಕಳನ್ನು ಐದೂ ತಟ್ಟೆಯಿಂದ ಎಬ್ಬಿಸಿ ಆರನೇ ಮೂಲೆಯೊಂದನ್ನು ಮಾಡಿ, ಅಲ್ಲಿ ಮಣಿ ಪೋಣಿಸೋಕೆ ಕೂರಿಸಿದಾಗ. ಮೈಲಿಗಲ್ಲು ಹಾಗೇ ಇರಲಿ, ಲೋಗೊ (ಚಟುವಟಿಕೆ ಗುರುತಿಸುವ ಚಿತ್ರ) ಹಾಗೇ ಇರಲಿ. ಕಾರ್ಡನ್ನು ಕೈ ಓದಬೇಕೋ, ಕಣ್ಣು ಓದಬೇಕೋ, ಉತ್ತರ ಬಾಯಲ್ಲಿ ಬರಬೇಕೋ, ಬೆರಳಲ್ಲೋ, ಅಷ್ಟು ಬದಲಿಸಿ.

ಮುಟ್ಟಿ ಓದುವ ಕಾರ್ಡಿನ ಅಳತೆ ಕೊಡ್ತೀನಿ:

ತಳಕ್ಕೆ 2 ಮಿಮೀ ರಟ್ಟು, ಎ4 ಅರ್ಧ. ಮದುವೆ ಕಾಗದದ ರಟ್ಟು ಬೇಡ, ಬಾಗುತ್ತೆ. ನೋಟ್ ಪುಸ್ತಕದ ಬೈಂಡಿಂಗ್ ರಟ್ಟು ಸರಿ. ಬಲ ಮೇಲಿನ ಮೂಲೆಯನ್ನು 2 ಸೆಂಮೀ ಓರೆಯಾಗಿ ಕತ್ತರಿಸಿ. ಇದನ್ನು ಯಾರೂ ಮಾಡಲ್ಲ, ಆಮೇಲೆ "ಮಗು ಕಾರ್ಡು ತಲೆಕೆಳಗೆ ಹಿಡಿಯುತ್ತೆ" ಅಂತಾರೆ. ಕಾಣದ ಬೆರಳಿಗೆ ಮೇಲು-ಕೆಳಗು ಹೇಳೋದು ಆ ಕತ್ತರಿಸಿದ ಮೂಲೆ.

ಗೆರೆಗೆ ಸಣಬಿನ ಹುರಿ ಅಥವಾ ಉಲ್ಲನ್ ದಾರ, ಕನಿಷ್ಠ 1 ಮಿಮೀ ಎತ್ತರ. ಎರಡು ಗೆರೆಗಳ ನಡುವೆ 3 ಮಿಮೀಗಿಂತ ಕಡಿಮೆ ಜಾಗ ಬಿಟ್ಟರೆ ಬೆರಳಿಗೆ ಎರಡೂ ಒಂದೇ ಗೆರೆ. ಒಂದು ಕಾರ್ಡಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಬಗೆಯ ಮೇಲ್ಮೈ ಬೇಡ. ಅಂಟು ಹಚ್ಚಿ ಒಂದು ರಾತ್ರಿ ಭಾರ ಹೇರಿ ಒಣಗಿಸಿ.

ಚಿತ್ರದ ವಿಷಯ ಬೇರೆ. ಆನೆಯ ಚಿತ್ರದ ಸುತ್ತ ದಾರ ಅಂಟಿಸಿದರೆ ಅದು ಆನೆ ಆಗಲ್ಲ. ಹುಟ್ಟಿನಿಂದ ಕಾಣದ ಮಗುವಿಗೆ ಅದೊಂದು ಡೊಂಕು ಗೆರೆ ಅಷ್ಟೇ. ಮೊದಲು ಮಣ್ಣಿನ ಆನೆ ಕೈಗೆ ಕೊಡಿ, ಆಮೇಲೆ ಅದನ್ನೇ ಅರ್ಧ ಹುಗಿದಂತೆ ಉಬ್ಬು ಚಿತ್ರ, ಕೊನೆಗೆ ಗೆರೆ. ಈ ಮೂರು ಮೆಟ್ಟಿಲಿನಲ್ಲಿ ಒಂದನ್ನೂ ಹಾರಬೇಡಿ.

ರಾಗಿಕಣಜ:
ಹುರಿ ಬದಲು ರಾಗಿ, ಹೆಸರುಕಾಳು, ಅಕ್ಕಿ ಅಂಟಿಸೋದು ಸುಲಭ ಅಲ್ವಾ? ಎಲ್ಲ ಕಲಿಕೋಪಕರಣ ಮೇಳದಲ್ಲೂ ಅದೇ ಇರುತ್ತೆ.

ಬೆಲ್ಲದಚ್ಚು:
ಮೇಳಕ್ಕೆ ಸರಿ ಕಣ್ರೀ, ಮೂರು ತಿಂಗಳು ಉಳಿಯೋ ಕಾರ್ಡಿಗಲ್ಲ. ದಸರಾ ರಜೆ ಮುಗಿದು ಕಪಾಟು ತೆಗೆದರೆ ಇಲಿ ಇಡೀ ವರ್ಣಮಾಲೆ ತಿಂದು ಮುಗಿಸಿರುತ್ತೆ. ಉಳಿದಿದ್ದಕ್ಕೆ ಹುಳ. ಇನ್ನೊಂದು ತೊಂದರೆ: ಕಾಳು ಉದುರಿದಾಗ ಅಕ್ಷರದ ನಡುವೆ ಕಿಂಡಿ ಬೀಳುತ್ತೆ, ಬೆರಳು ಅಲ್ಲಿಗೇ ನಿಲ್ಲುತ್ತೆ, ಮಗು ಅದನ್ನು ಎರಡು ಆಕಾರ ಅಂತ ಓದುತ್ತೆ. ಬೀಜವೇ ಬೇಕು ಅಂದರೆ ಹುಣಸೆ ಬೀಜ, ಅದೂ ಎಣಿಕೆಗೆ ಮಾತ್ರ. ನುಣುಪು ಮೇಲ್ಮೈಗೆ ಎದುರಾಗಿ ಒರಟು ಬೇಕಿದ್ದರೆ ಜರಡಿ ಹಿಡಿದ ಹೊಳೆ ಮರಳು. ಎಂ-ಸ್ಯಾಂಡ್ ಹಾಕಬೇಡಿ, ಅಂಚು ಚೂಪು, ಬೆರಳ ತುದಿ ಕೆರೆಯುತ್ತೆ. ಬ್ರೈಲ್ ಓದಬೇಕಾದ ಬೆರಳು ಅದು.

ಆರುಚುಕ್ಕಿ:
ಬ್ರೈಲ್ ಭಾಗ ನನಗೆ ಬಿಡಿ. ಬೆಲ್ಲದಚ್ಚು ಅವರು ಹೇಳಿದ ಹುರಿ ಅಕ್ಷರ ಗೆಳೆಯರ ಜತೆ ಆಟಕ್ಕೆ, ಹೆಸರು ಗುರುತಿಸೋಕೆ ಚೆನ್ನ. ಪೂರ್ತಿ ಕಾಣದ ಮಗುವಿಗೆ ಅದು ಓದುವ ಲಿಪಿ ಅಲ್ಲ. ಹುರಿಯ "ಗರಗಸ" ಓದೋಕೆ ಒಂದು ನಿಮಿಷ ಬೇಕು. ಬ್ರೈಲ್‌ನಲ್ಲಿ ನಾಲ್ಕು ಮನೆ (ಆರು ಚುಕ್ಕಿಯ ಜಾಗಕ್ಕೆ ಒಂದು ಮನೆ ಅಂತೀವಿ), ಬೆರಳು ಸರಿದರೆ ಆಯ್ತು.

ಭಾರತಿ ಬ್ರೈಲ್‌ನಲ್ಲಿ (ಭಾರತೀಯ ಭಾಷೆಗಳ ಬ್ರೈಲ್) ಒಂದು ಮನೆಯ ಚುಕ್ಕಿಗಳು ಎಡಗಡೆ ಮೇಲಿಂದ ಕೆಳಗೆ 1, 2, 3. ಬಲಗಡೆ 4, 5, 6. ನಲಿ-ಕಲಿಯ ಮೊದಲ ಅಕ್ಷರ ಗುಂಪು ಹೀಗೆ ಬರುತ್ತೆ:

ರ – 1, 2, 3, 5
ಗ – 1, 2, 4, 5
ಸ – 2, 3, 4
ದ – 1, 4, 5
ಅ – 1

ಇಷ್ಟರಲ್ಲೇ ಸರ, ರಸ, ಅರಸ, ಅಗಸ, ಗರಗಸ ಎಲ್ಲ ಬಂತು. ಕಾಗುಣಿತಕ್ಕೆ ಬೇರೆ ಚಿಹ್ನೆ ಇಲ್ಲ. ವ್ಯಂಜನದ ಮುಂದೆ ಆಯಾ ಸ್ವರವನ್ನೇ ಬರೆಯಬೇಕು: "ಸಾ" ಅಂದರೆ ಸ ಬರೆದು ಆ (3, 4, 5). ಒತ್ತಕ್ಷರಕ್ಕೆ 4ನೇ ಚುಕ್ಕಿ ಮೊದಲು, ಆಮೇಲೆ ಎರಡು ವ್ಯಂಜನ. "ಅಕ್ಕ" ಅಂದರೆ ಅ, 4, ಕ, ಕ. ಮುದ್ರಣದ ಕನ್ನಡದಂತೆ ಒತ್ತು ಕೆಳಗೆ ಇಳಿಯಲ್ಲ, ಎಲ್ಲವೂ ಒಂದೇ ಸಾಲು. ಇದನ್ನು ಶಿಕ್ಷಕರು ಅರ್ಥ ಮಾಡಿಕೊಳ್ಳದೆ "ಕ ಬರಿ, ಕೆಳಗೆ ಕ ಒತ್ತು ಕೊಡು" ಅಂತ ಬಾಯಲ್ಲಿ ಹೇಳಿಕೊಟ್ಟರೆ ಮಗು ಎರಡೂ ದೋಣಿಯಲ್ಲಿ ಕಾಲಿಟ್ಟ ಹಾಗೆ.

ಅಂಕಿಗೆ ಮುಂದೆ 3, 4, 5, 6 ಚಿಹ್ನೆ ಹಾಕ್ತೀವಿ. ಅದೇ ಚುಕ್ಕಿಗಳು "ಣ" ಅಕ್ಷರ ಕೂಡ. ಗೊಂದಲ ಯಾಕಾಗಲ್ಲ ಅಂದರೆ ಕನ್ನಡದಲ್ಲಿ ಣ-ಕಾರದಿಂದ ಶುರುವಾಗೋ ಮಾತು ಇಲ್ಲವೇ ಇಲ್ಲ ಅನ್ನಬಹುದು.

ಶುರು ಮಾಡೋಕೆ ಮೊಟ್ಟೆ ಟ್ರೇ ತಗೊಂಡು ಆರು ಗುಳಿ (ಎರಡು ಕಂಬ, ಮೂರು ಸಾಲು) ಕತ್ತರಿಸಿ. ಗೋಲಿ ಅಥವಾ ಕಾಗದದ ಉಂಡೆ ಹಾಕಿ ಚುಕ್ಕಿ. ಕಾಣುವ ಮಕ್ಕಳೂ ಇದರಲ್ಲಿ ಆಡಲಿ. ಒಬ್ಬರು ಹಾಕೋದು, ಇನ್ನೊಬ್ಬರು ಕಣ್ಮುಚ್ಚಿ ಮುಟ್ಟಿ ಹೇಳೋದು.

ಕಬ್ಬಿನಗದ್ದೆ ಮೇಷ್ಟ್ರು:
ರ ಗ ಸ ದ ಅ ಕ್ರಮ ಇಟ್ಟಿರೋದು ಕಣ್ಣಿಗೆ ಕಾಣೋ ಅಕ್ಷರದ ಆಕಾರದ ಮೇಲೆ. ಬ್ರೈಲ್‌ಗೆ ಅದೇ ಕ್ರಮ ಹಿಡಿಯಬೇಕಾ? ಚುಕ್ಕಿ ಕಡಿಮೆ ಇರೋ ಅ, ಬ, ಕ, ಲ ಮೊದಲು ಕಲಿಸೋದು ವಾಡಿಕೆ ಅಲ್ವಾ?

ಆರುಚುಕ್ಕಿ:
ಒಳ್ಳೆ ಪ್ರಶ್ನೆ. ಈ ಬಗ್ಗೆ ನಮ್ಮಲ್ಲೇ ಎರಡು ಪಕ್ಷ ಇದೆ. ಬೆರಳಿನ ದೃಷ್ಟಿಯಿಂದ ಅ (1), ಬ (1, 2), ಕ (1, 3), ಲ (1, 2, 3) ಸುಲಭ ಅನ್ನೋದು ನಿಜ. ಆದರೆ ಇಡೀ ತಟ್ಟೆ "ಗರಗಸ" ಆಡುವಾಗ ಒಬ್ಬಳು ಮಾತ್ರ "ಬಲ" ಓದುತ್ತಾ ಕೂತರೆ ಗೆಳೆಯರ ಬೆಂಬಲ ಅನ್ನೋದು ಸತ್ತೇಹೋಯ್ತು. ಮೊದಲ ನಾಲ್ಕೈದು ವಾರ, ಎಲ್ಲ ಮಕ್ಕಳೂ ಪೂರ್ವಸಿದ್ಧತೆಯ ಚಟುವಟಿಕೆಯಲ್ಲಿರುವಾಗ, ಇವಳಿಗೆ ದಿನಕ್ಕೆ 20 ನಿಮಿಷ ಬೆರಳಿನ ತಯಾರಿ ಆಗಲಿ: ಸಾಲು ಹಿಡಿದು ಎಡದಿಂದ ಬಲಕ್ಕೆ ಹೋಗೋದು, ಖಾಲಿ ಮನೆ ಗುರುತಿಸೋದು, ಒಂದೇ ಥರದ ಎರಡು ಮನೆ ಜೋಡಿಸೋದು. ಆಮೇಲೆ ಏಣಿಯ ಕ್ರಮವನ್ನೇ ಹಿಡಿಯಿರಿ. ನನ್ನ ಓಟು ಏಣಿಗೆ.

ಬರೆಯೋದು ಇನ್ನೊಂದು ಕಥೆ. ಸ್ಲೇಟು-ಸ್ಟೈಲಸ್‌ನಲ್ಲಿ (ಬ್ರೈಲ್ ಬರೆಯುವ ಚೌಕಟ್ಟು, ಮೊಳೆ) ಕಾಗದದ ಹಿಂದಿನಿಂದ ಚುಚ್ಚಬೇಕು, ಬಲದಿಂದ ಎಡಕ್ಕೆ. 1ನೇ ಚುಕ್ಕಿ ಬಲ ಮೇಲೆ ಇರುತ್ತೆ. ಒಂದು ಮನೆಯಲ್ಲಿ ತಿರುವು ತಪ್ಪಿದರೂ ಅಕ್ಷರ ಬೇರೆಯಾಗುತ್ತೆ. ಮ (1, 3, 4) ತಿರುಗಿದರೆ ಶ (1, 4, 6). ಜ (2, 4, 5) ತಿರುಗಿದರೆ ಹ (1, 2, 5). ನ ಹೋಗಿ ಡ. ರ (1, 2, 3, 5) ತಿರುಗಿದರೆ ಠ (2, 4, 5, 6). ತಮಾಷೆ ನೋಡಿ, ಮುದ್ರಣದಲ್ಲೂ ರ-ಠ ನಡುವೆ ಇರೋದು ಒಂದು ಚುಕ್ಕಿ. ಹಾಗಾಗಿ ನೋಟ್‌ನಲ್ಲಿ "ಶರ" ಅಂತ ಕಂಡರೆ ಮಗುವಿಗೆ "ಮರ" ಗೊತ್ತಿಲ್ಲ ಅಂತ ತೀರ್ಮಾನ ಮಾಡಬೇಡಿ. ಓದೋದು ಗಟ್ಟಿಯಾಗೋವರೆಗೆ ಸ್ಲೇಟಿನ ಬರವಣಿಗೆಗೆ ಅವಸರ ಬೇಡ.

ಕಾಗದಕ್ಕೆ ದುಡ್ಡು ಸುರಿಯಬೇಕಿಲ್ಲ. ಹಳೇ ಗೋಡೆ ಕ್ಯಾಲೆಂಡರ್ ಹಾಳೆ ಅಭ್ಯಾಸಕ್ಕೆ ಚೆನ್ನಾಗಿ ನಡೆಯುತ್ತೆ. ನೋಟ್‌ಬುಕ್ ಹಾಳೆ ಹರಿಯುತ್ತೆ, ಚುಕ್ಕಿ ಎರಡೇ ಓದಿಗೆ ಕೂತುಬಿಡುತ್ತೆ. ಕಾರ್ಡಿಗೆ ಲೇಬಲ್ ಬೇಕಾದರೆ ಪಾರದರ್ಶಕ ಸ್ಟಿಕರ್ ಹಾಳೆಯನ್ನು ಹಿಂಬದಿ ಕಾಗದ ಸಮೇತ ಸ್ಲೇಟಿಗೆ ಹಾಕಿ ಚುಚ್ಚಿ, ಆಮೇಲೆ ಅಂಟಿಸಿ. ಕೆಳಗಿನ ಮುದ್ರಿತ ಅಕ್ಷರವೂ ಕಾಣುತ್ತೆ, ಶಿಕ್ಷಕರಿಗೂ ಅನುಕೂಲ. ಅಂಟಿಸುವಾಗ ಬಟ್ಟೆಯಿಂದ ಉಜ್ಜಬೇಡಿ, ಚುಕ್ಕಿ ಚಪ್ಪಟೆಯಾಗುತ್ತೆ, ಅಂಚನ್ನಷ್ಟೇ ಒತ್ತಿ.

ಕನ್ನಡ ಬ್ರೈಲ್ ಪಠ್ಯಪುಸ್ತಕಕ್ಕೆ ದೂರ ಹೋಗಬೇಕಿಲ್ಲ, ಮೈಸೂರಿನ ತಿಲಕನಗರದಲ್ಲೇ ಸರ್ಕಾರಿ ಬ್ರೈಲ್ ಮುದ್ರಣಾಲಯ ಇದೆ. ಜೂನ್‌ನಲ್ಲಿ ಕೇಳಿದರೆ ತಡವಾಯ್ತು, ಹಿಂದಿನ ಶೈಕ್ಷಣಿಕ ವರ್ಷ ಮುಗಿಯೋ ಮೊದಲೇ ಬಿಆರ್‌ಸಿ (ಬ್ಲಾಕ್ ಸಂಪನ್ಮೂಲ ಕೇಂದ್ರ) ಮೂಲಕ ಬೇಡಿಕೆ ಹೋಗಿರಬೇಕು.

ಮಸುಕುಗನ್ನಡಕ:
ಅಲ್ಪದೃಷ್ಟಿ ಬಗ್ಗೆ ಒಂದು ಸಾಲು ಸೇರಿಸ್ತೀನಿ, ಯಾಕಂದ್ರೆ ಪೂರ್ತಿ ಕಾಣದವರಿಗಿಂತ ಅರೆಬರೆ ಕಾಣುವ ಮಕ್ಕಳೇ ಜಾಸ್ತಿ. "ಮುಂದೆ ಕೂರಿಸಿ" ಅನ್ನೋದು ಎಲ್ಲರಿಗೂ ಹೊಂದಲ್ಲ. ಕೊಳವೆಯೊಳಗಿಂದ ನೋಡಿದ ಹಾಗೆ ನಡುವೆ ಮಾತ್ರ ಕಾಣುವ ಮಗು ಹಲಗೆಯ ಹತ್ತಿರ ಕೂತಷ್ಟೂ ಅದಕ್ಕೆ ಕಾಣೋ ಭಾಗ ಸಣ್ಣದಾಗುತ್ತೆ. ಸ್ವಲ್ಪ ಹಿಂದೆ ಕೂರಿಸಿದರೆ ಇಡೀ ಸಾಲು ಸಿಗುತ್ತೆ. ಮೈ-ಕೂದಲು ಬಿಳಿ ಇರುವ, ಬೆಳಕು ತಡೆಯದ ಮಗು ಕಿಟಕಿಗೆ ಬೆನ್ನು ಹಾಕಿರಬೇಕು, ಟೋಪಿ ಹಾಕಿಕೊಳ್ಳೋಕೆ ಬಿಡಿ. ಲ್ಯಾಮಿನೇಷನ್ ಮಾಡಿದ ಕಾರ್ಡು ಇಂಥ ಮಕ್ಕಳಿಗೆ ಕನ್ನಡಿ ಇದ್ದ ಹಾಗೆ, ಹೊಳಪು ಕಣ್ಣಿಗೆ ಹೊಡೆಯುತ್ತೆ. ಹಳದಿ ಹಾಳೆ ಮೇಲೆ ದಪ್ಪ ಕಪ್ಪು ಮಾರ್ಕರ್, 24 ಪಾಯಿಂಟ್‌ಗೆ ಕಡಿಮೆ ಇಲ್ಲದ ಅಕ್ಷರ, ಲ್ಯಾಮಿನೇಷನ್ ಇಲ್ಲ. ಒತ್ತಕ್ಷರಕ್ಕೆ ಇನ್ನೂ ದೊಡ್ಡದು ಬೇಕು, ಯಾಕಂದ್ರೆ ಒತ್ತು ಮೂಲ ಅಕ್ಷರದ ಅರ್ಧಕ್ಕೂ ಸಣ್ಣ.

ಗಂಗೋತ್ರಿ ದಾರಿ:
ಶ್ರವಣ ಸಾಧನದ ಹುಡುಗನ ವಿಷಯಕ್ಕೆ ಬರ್ತೀನಿ. ಸಾಧನ ಹಾಕಿದ ಮೇಲೆ ಎಲ್ಲ ಕೇಳುತ್ತೆ ಅನ್ನೋದು ಮೊದಲ ತಪ್ಪು. ಅದು ಶಬ್ದ ಜೋರು ಮಾಡುತ್ತೆ, ಫ್ಯಾನನ್ನೂ ಜೋರು ಮಾಡುತ್ತೆ, ಶೀಟ್ ಮೇಲೆ ಬೀಳೋ ಮಳೆಯನ್ನೂ. ಒಂದು ಮೀಟರ್ ಒಳಗೆ ಮಾತಾಡಿದರೆ ಸಿಗುವ ಸ್ಪಷ್ಟತೆ ಮೂರು ಮೀಟರ್‌ನಲ್ಲಿ ಇರಲ್ಲ.

ಬೆಳಗ್ಗೆ ಪ್ರಾರ್ಥನೆಗೆ ಮೊದಲು ಎರಡು ನಿಮಿಷದ ಪರೀಕ್ಷೆ: ಆ, ಊ, ಈ, ಮ್, ಶ್, ಸ್. ಲಿಂಗ್ ಧ್ವನಿಗಳು ಅಂತಾರೆ, ಮಾತಿನ ತಗ್ಗು ಸ್ಥಾಯಿಯಿಂದ ಎತ್ತರದವರೆಗೆ ಈ ಆರರಲ್ಲೇ ಮುಗಿಯುತ್ತೆ. ಮಗುವಿನ ಹಿಂದೆ ಒಂದು ಮೀಟರ್ ದೂರ ನಿಂತು, ಕ್ರಮ ಬದಲಿಸಿ, ನಡುವೆ ಸುಮ್ಮನಿದ್ದು ಹೇಳಿ. ಮಗು ಕೇಳಿದ್ದನ್ನು ಹಾಗೇ ಮತ್ತೆ ಹೇಳಬೇಕು, ಅಥವಾ ಕೇಳಿದಾಗೆಲ್ಲ ಒಂದು ಹುಣಸೆ ಬೀಜ ಡಬ್ಬಕ್ಕೆ ಹಾಕಬೇಕು. ಎರಡು ಕಿವಿಗೂ ಬೇರೆ ಬೇರೆ. ನಿನ್ನೆ ಬರ್ತಿದ್ದ "ಸ್" ಇವತ್ತು ಬರದಿದ್ದರೆ ನೋಡೋ ಕ್ರಮ ಹೀಗೆ: ಬ್ಯಾಟರಿ, ಕಿವಿಯೊಳಗೆ ಕೂರುವ ಅಚ್ಚಿನ ತೂತಿನಲ್ಲಿ ಗುಗ್ಗೆ, ನಳಿಕೆಯಲ್ಲಿ ನೀರಿನ ಹನಿ. ಮೂರೂ ಸರಿಯಿದ್ದರೆ ಕಿವಿ ತೋರಿಸಬೇಕು, ಶೀತಕ್ಕೆ ಕಿವಿ ಕಟ್ಟಿರಬಹುದು.

ಬ್ಯಾಟರಿ ಜಿಂಕ್-ಏರ್. ಕಿತ್ತಳೆ ಸ್ಟಿಕರ್ ಇದ್ದರೆ 13ರ ಅಳತೆ, ನೀಲಿ ಇದ್ದರೆ 675. ಸ್ಟಿಕರ್ ಕಿತ್ತ ಕೂಡಲೇ ಹಾಕಬೇಡಿ, ಒಳಗೆ ಗಾಳಿ ಹೋಗಲು ಒಂದೆರಡು ನಿಮಿಷ ಬಿಡಿ. ಕಿತ್ತ ಮೇಲೆ ಮತ್ತೆ ಅಂಟಿಸಿ ಉಳಿಸಿಕೊಳ್ಳೋಕೆ ಆಗಲ್ಲ. ರಾತ್ರಿ ಸಿಲಿಕಾ ಜೆಲ್ ಪೊಟ್ಟಣ ಇರುವ ಮುಚ್ಚಳದ ಡಬ್ಬದಲ್ಲಿ, ಬ್ಯಾಟರಿ ಬಾಗಿಲು ತೆರೆದು ಇಡಲಿ. ಕಿವಿಯಚ್ಚನ್ನು ಯಂತ್ರದಿಂದ ಬಿಡಿಸಿ ಸೋಪು ನೀರಿನಲ್ಲಿ ತೊಳೆಯಬಹುದು. ಯಂತ್ರಕ್ಕೆ ನೀರು ಸೋಕಬಾರದು. ಕುಂಯ್ ಅಂತ ಶಿಳ್ಳೆ ಬಂದರೆ ವಾಲ್ಯೂಮ್ ಇಳಿಸೋದು ಪರಿಹಾರವಲ್ಲ. ಸಾಮಾನ್ಯವಾಗಿ ಮಗು ಬೆಳೆದು ಅಚ್ಚು ಸಡಿಲವಾಗಿರುತ್ತೆ, ಹಾಗಿದ್ದರೆ ಹೊಸದು ಮಾಡಿಸಬೇಕು. ಈ ಕಡೆಯವರಿಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೇ ಕೆಲಸ.

ಇನ್ನು ಕಾರ್ಡು. ಎರಡನೇ ಅಕ್ಷರ ಗುಂಪು ಜ ವ ಮ ಬ ನ. ಇದರಲ್ಲಿ ಮ ಮತ್ತು ಬ ತುಟಿ ಮೇಲೆ ಒಂದೇ! "ಮರ", "ಬರ" ಧ್ವನಿ ಇಲ್ಲದೆ ಹೇಳಿ ಕನ್ನಡಿ ನೋಡಿಕೊಳ್ಳಿ. ಪ ಬಂದಾಗ ಮೂರಾಯ್ತು. ತುಟಿ ನೋಡಿ ಕಲಿಯೋ ಮಗು ಇಲ್ಲಿ ತಪ್ಪೋದು ಸಹಜ. ಮ-ಕಾರಕ್ಕೆ ಮೂಗಿನ ಪಕ್ಕ ಬೆರಳಿಟ್ಟರೆ ನಡುಕ ಸಿಗುತ್ತೆ, ಬ-ಕಾರಕ್ಕೆ ಮೂಗಿನಲ್ಲಿಲ್ಲ, ಗಂಟಲಲ್ಲಿದೆ, ಪ-ಕಾರಕ್ಕೆ ತುಟಿ ಮುಚ್ಚಿದಾಗ ಗಂಟಲೂ ಸುಮ್ಮನೆ. ಈ ಮೂರು ಮುಟ್ಟುವಿಕೆಗೆ ಮೂರು ಚಿಹ್ನೆ ಮಾಡಿ ಕಾರ್ಡಿನ ಮೂಲೆಯಲ್ಲಿ ಬರೆಯಿರಿ. ಕ, ಗ ಬಾಯಿ ಹಿಂಭಾಗದಲ್ಲಿ ಹುಟ್ಟೋದರಿಂದ ತುಟಿಯಲ್ಲಿ ಕಾಣೋದೇ ಇಲ್ಲ.

ಕಥೆ ಹೇಳುವಾಗ ಗೊಂಬೆಯನ್ನು ಬಾಯಿ ಮುಂದೆ ಹಿಡಿಯಬೇಡಿ, ಕೆನ್ನೆ ಪಕ್ಕ ಹಿಡಿಯಿರಿ. ಕಿಟಕಿಗೆ ಬೆನ್ನು ಹಾಕಿ ನಿಂತರೆ ಮುಖ ಕಪ್ಪಾಗಿ ಕಾಣುತ್ತೆ. ಹಲಗೆ ಕಡೆ ತಿರುಗಿ ಮಾತಾಡಿದ್ದು ಯಾರಿಗೂ ಅಲ್ಲ. ಜತೆಗೆ ಸಂಜ್ಞೆ ಬಳಸಿದರೆ ಮಾತು ಬರಲ್ಲ ಅಂತ ಹೆದರೋ ಪೋಷಕರಿಗೆ ಹೇಳಿ: ಸಂಜ್ಞೆ ಭಾಷೆಯೇ, ಮಾತಿಗೆ ಅಡ್ಡಿ ಅಲ್ಲ. ತರಗತಿಯ 22 ಮಕ್ಕಳೂ ದಿನಕ್ಕೆರಡು ಸಂಜ್ಞೆ ಕಲಿಯಲಿ.

ಒತ್ತುಕೊಂಬು:
ಮೂರನೇ ತರಗತಿ ಹುಡುಗಿಗೆ ಅವಸರದಲ್ಲಿ "ಡಿಸ್ಲೆಕ್ಸಿಯಾ" (ಓದಿನ ನ್ಯೂನತೆ) ಹಣೆಪಟ್ಟಿ ಹಚ್ಚೋ ಮೊದಲು ಎರಡು ವಿಷಯ ನೋಡಿ.

ಒಂದು, ಮಾತು. ನಮ್ಮ ಮಂಡ್ಯ-ಮೈಸೂರು ಸೀಮೆಯಲ್ಲಿ ಹ-ಕಾರ ಉದುರಿಹೋಗೋದು ಮನೆಮಾತು. ಹಾಲು "ಆಲು", ಹಸು "ಅಸ", ಹೊಲ "ವಲ". ಮಗು "ಹಾಲು" ಕೇಳಿ "ಆಲು" ಬರೆದರೆ ಕಿವಿ ಸರಿಯಾಗೇ ಕೆಲಸ ಮಾಡ್ತಿದೆ, ಮನೆಯಲ್ಲಿ ಕೇಳಿದ್ದನ್ನೇ ಬರೆದಿದೆ. ಅದನ್ನು ನ್ಯೂನತೆಯ ಲೆಕ್ಕಕ್ಕೆ ಹಾಕಬೇಡಿ. ಪುಸ್ತಕದ ಮಾತು, ಮನೆ ಮಾತು ಅಂತ ಎರಡು ಚೀಲ ಮಾಡಿ ಕಾರ್ಡು ಹಂಚುವ ಆಟ ಆಡಿಸಿ, ಸಾಕು.

ಎರಡು, ಒತ್ತು ಅನ್ನೋದು ಒಂದೇ ಕಷ್ಟ ಅಲ್ಲ, ಮೂರು ಥರದ ಕಷ್ಟ. ಬಹುತೇಕ ಒತ್ತುಗಳು ಮೂಲ ಅಕ್ಷರದ ಮರಿಗಳು: ಹಗ್ಗ, ದೊಡ್ಡ, ಹಬ್ಬ, ಅಪ್ಪ. ಇವು ಮೊದಲು. ಆಮೇಲೆ ವೇಷ ಮರೆಸಿಕೊಂಡವು: ತ, ನ, ಮ, ಯ, ರ, ಲ. ಅತ್ತೆ, ಅನ್ನ, ಅಮ್ಮ, ಅಯ್ಯ, ಹಲ್ಲು. ವಿಚಿತ್ರ ಏನಂದ್ರೆ ಮಗುವಿಗೆ ಅತಿ ಹತ್ತಿರದ ಮಾತುಗಳಲ್ಲೇ ಈ ವೇಷಧಾರಿಗಳು. "ಅಮ್ಮ"ನನ್ನು ಮಗು ಓದೋದಿಲ್ಲ, ಚಿತ್ರದ ಹಾಗೆ ಗುರುತು ಹಿಡಿಯುತ್ತೆ. ಅದಕ್ಕೇ "ತಮ್ಮ"ನ ಹತ್ತಿರ ಬಂದಾಗ ನಿಲ್ಲುತ್ತೆ. ಮೂರನೆಯದು ಅರ್ಕಾವತ್ತು. ಸೂರ್ಯ, ವರ್ಷ, ಕರ್ಪೂರ. ಬಾಯಲ್ಲಿ "ರ್" ಮೊದಲು, ಬರಹದಲ್ಲಿ ಅದರ ಗುರುತು ಆಮೇಲೆ.

ಅರ್ಕಾವತ್ತಿಗೆ ಹೀಗೆ ಮಾಡಿ. ಎರಡು ಪಟ್ಟಿ ತಗೊಳ್ಳಿ. ಮೇಲಿನ ಪಟ್ಟಿಯಲ್ಲಿ ಕೇಳಿದ ಕ್ರಮ: ವ – ರ್ – ಷ, ಮೂರು ಚೌಕದಲ್ಲಿ ಮೂರು ಬಣ್ಣದ ಗುಂಡಿ. ಕೆಳಗಿನ ಪಟ್ಟಿಯಲ್ಲಿ ಬರೆದ ಕ್ರಮ: ವ – ಷ – ಅರ್ಕಾವತ್ತು. ಒಂದೇ ಬಣ್ಣದ ದಾರದಿಂದ ಮೇಲಿನದಕ್ಕೂ ಕೆಳಗಿನದಕ್ಕೂ ಜೋಡಿಸಲಿ. ದಾರಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಆ ಅಡ್ಡ ಹಾಯೋದನ್ನೇ ಮಗು ನೋಡಬೇಕಾಗಿರೋದು. ದಿನಕ್ಕೆ ನಾಲ್ಕೇ ಪದ. ಪಕ್ಕದಲ್ಲೇ "ಚಕ್ರ" ಇಟ್ಟು ಹೋಲಿಸಬೇಡಿ, ಕನಿಷ್ಠ ಎರಡು ವಾರ. ರ-ಒತ್ತು ಮತ್ತು ಅರ್ಕಾವತ್ತು ಒಟ್ಟಿಗೆ ಬಂದರೆ ಎರಡೂ ಕೆಡುತ್ತೆ.

ಕಡತದಕೋಣೆ:
ಇದಕ್ಕೊಂದು ನಿಯಮದ ಮಾತು ಸೇರಿಸಬೇಕು. ನಿರ್ದಿಷ್ಟ ಕಲಿಕಾ ನ್ಯೂನತೆ (ಡಿಸ್ಲೆಕ್ಸಿಯಾ ಇದರಲ್ಲೇ ಬರುತ್ತೆ) 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಒಂದು. 2018ರ ಮಾರ್ಗಸೂಚಿಯಲ್ಲಿ ಪ್ರಮಾಣಪತ್ರ ಕೊಡೋದು 8 ವರ್ಷ ತುಂಬಿದ ಮೇಲೆ, ಮತ್ತೆ 14ಕ್ಕೆ, 18ಕ್ಕೆ ಮರುಪರೀಕ್ಷೆ ಅಂತ ಇತ್ತು. 1ನೇ ತರಗತಿ ಮಗುವನ್ನು ಕರ್ಕೊಂಡು ಹೋಗಿ "ಸರ್ಟಿಫಿಕೇಟ್ ಕೊಡಲಿಲ್ಲ" ಅಂತ ಬೈಕೊಂಡು ಬರಬೇಡಿ. ಅಲ್ಲಿವರೆಗೆ ಸಹಾಯ ನಿಲ್ಲಿಸಬೇಕು ಅಂತ ಎಲ್ಲೂ ಇಲ್ಲ.

ದಾಖಲಾತಿಗೆ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡು ಇರಲೇಬೇಕು ಅನ್ನೋದು ಸುಳ್ಳು. ಕಾಯ್ದೆಯ 16ನೇ ಸೆಕ್ಷನ್ ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು ಅನ್ನುತ್ತೆ. 31ನೇ ಸೆಕ್ಷನ್, ಶೇ 40 ಅಥವಾ ಮೇಲ್ಪಟ್ಟ ಅಂಗವೈಕಲ್ಯ ಇರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆ ಅಥವಾ ಬೇಕೆಂದರೆ ವಿಶೇಷ ಶಾಲೆ, ಉಚಿತವಾಗಿ. ಆಯ್ಕೆ ಮಗುವಿನದು, ಮುಖ್ಯ ಶಿಕ್ಷಕರದ್ದಲ್ಲ. 17ನೇ ಸೆಕ್ಷನ್‌ನಲ್ಲಿ ಇದೇ ಶೇ 40ರ ಮೇಲ್ಪಟ್ಟ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ, ಸಾಧನ ಉಚಿತ.

ದುಡ್ಡು: ಸಮಗ್ರ ಶಿಕ್ಷಣದಲ್ಲಿ ಮಗುವಿಗೆ ವರ್ಷಕ್ಕೆ ₹3,500ವರೆಗೆ ಅನ್ನೋದು ಯೋಜನೆಯ ಲೆಕ್ಕ, ಕೈಗೆ ಕೊಡೋ ಹಣವಲ್ಲ. ಸಾಧನ, ತಪಾಸಣೆ ಶಿಬಿರ, ಬ್ರೈಲ್ ಪುಸ್ತಕ ಎಲ್ಲ ಅದರಲ್ಲೇ. ಹೆಣ್ಣುಮಕ್ಕಳಿಗೆ ತಿಂಗಳಿಗೆ ₹200ರಂತೆ 10 ತಿಂಗಳು ಬೇರೆ ಬರುತ್ತೆ, ಬ್ಯಾಂಕ್ ಖಾತೆ ಸರಿ ಇರಲಿ. ವಿಶೇಷ ಶಿಕ್ಷಕರ ಬಗ್ಗೆ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದ ಅನುಪಾತ ಪ್ರಾಥಮಿಕದಲ್ಲಿ 10 ಮಕ್ಕಳಿಗೆ ಒಬ್ಬರು, ಅದರ ಮೇಲೆ 15ಕ್ಕೆ ಒಬ್ಬರು. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಠರಾವು ಬರೆಯುವಾಗ ಈ ಸಾಲು ಹಾಕಿ.

ರಟ್ಟಿನ ಬಡಗಿ:
ಸೆರೆಬ್ರಲ್ ಪಾಲ್ಸಿ ಹುಡುಗನಿಗೆ ಇಲ್ಲಿಯವರೆಗೂ ಯಾರೂ ಏನೂ ಹೇಳಿಲ್ಲ. ಅವನಿಗೆ ಕಾರ್ಡಿಗಿಂತ ಮೊದಲು ಬೇಕಿರೋದು ಕೂರೋ ಜಾಗ. ಚಾಪೆ ಮೇಲೆ ಕೂತು ಬೀಳದ ಹಾಗೆ ನೋಡಿಕೊಳ್ಳೋಕೇ ಎರಡೂ ಕೈ ಬೇಕಾದರೆ ಕಾರ್ಡು ಹಿಡಿಯೋದು ಯಾವ ಕೈಯಿಂದ?

ಗೆಲ್ಲೋ ಸೂತ್ರ: ಸೊಂಟ, ಮಂಡಿ, ಹಿಮ್ಮಡಿಗಂಟು ಮೂರೂ 90 ಡಿಗ್ರಿ. ರಟ್ಟಿನ ಕುರ್ಚಿಗೆ ಅಳತೆ ತಗೊಳ್ಳಿ:

ಕೂರುವ ಆಳ – ಬೆನ್ನಿನಿಂದ ಮಂಡಿ ಹಿಂಭಾಗದವರೆಗೆ, ಅದರಲ್ಲಿ 2–3 ಸೆಂಮೀ ಕಳೆದು.
ಎತ್ತರ – ಮಂಡಿ ಮಡಿಕೆಯಿಂದ ಹಿಮ್ಮಡಿಗೆ, ಚಪ್ಪಲಿ ಸಮೇತ.
ಅಗಲ – ಸೊಂಟದ ಎರಡೂ ಕಡೆ ಒಂದೊಂದು ಬೆರಳು ಜಾಗ. ಬೆಳೀತಾನೆ ಅಂತ ದೊಡ್ಡದು ಮಾಡಿದರೆ ಒಂದು ಕಡೆಗೆ ವಾಲುತ್ತಾನೆ. ಬದಿಗೆ ದಿಂಬು ಇಟ್ಟು ಆಮೇಲೆ ತೆಗೆಯೋದು ಮೇಲು.
ಮೇಜು – ಮಡಚಿದ ಮೊಣಕೈಗಿಂತ 2–3 ಸೆಂಮೀ ಮೇಲೆ, ಹೊಟ್ಟೆಗೆ ಅರ್ಧಚಂದ್ರದ ಕಚ್ಚು.

ಗುಜರಿಯಲ್ಲಿ ಸಿಗುವ ಐದು ಪದರದ ಪೆಟ್ಟಿಗೆ ರಟ್ಟು. ಆರು ಹಾಳೆ ಅಂಟಿಸಿ ಒಂದು ಹಲಗೆ. ಒಳಗಿನ ಅಲೆಗಳು ಒಂದು ಹಾಳೆಯಲ್ಲಿ ಉದ್ದಕ್ಕೆ, ಮುಂದಿನದರಲ್ಲಿ ಅಡ್ಡಕ್ಕೆ ಬರಬೇಕು. ಎಲ್ಲ ಒಂದೇ ದಿಕ್ಕಿಗೆ ಇಟ್ಟರೆ ಭಾರಕ್ಕೆ ಮಡಚಿಕೊಳ್ಳುತ್ತೆ, ಹೆಚ್ಚಿನ ಕುರ್ಚಿ ಮುರಿಯೋದು ಇದೇ ಕಾರಣಕ್ಕೆ. ಅಂಟಿಗೆ ಒಂದು ಲೋಟ ಮೈದಾ, ನಾಲ್ಕು ಲೋಟ ನೀರು. ತಣ್ಣೀರಲ್ಲಿ ಕಲಸಿ ಆಮೇಲೆ ಸಣ್ಣ ಉರಿಯಲ್ಲಿ ಗಂಜಿ ಥರ ಬರೋವರೆಗೆ ತಿರುವಿ. ಅಂಟಿಸಿ, ಭಾರ ಹೇರಿ, ನೆರಳಲ್ಲಿ ಮೂರ್ನಾಲ್ಕು ದಿನ. ಬಿಸಿಲಿಗೆ ಇಟ್ಟರೆ ಬಾಗುತ್ತೆ. ಪೂರ್ತಿ ಒಣಗದೆ ಬಣ್ಣ ಬಳಿದರೆ ಒಳಗೆ ಬೂಷ್ಟು ಹಿಡಿಯುತ್ತೆ. ಹೊರಗೆ ದಿನಪತ್ರಿಕೆ ಚೂರು ಎರಡು ಸುತ್ತು, ಆಮೇಲೆ ಎನಾಮಲ್ ಬಣ್ಣ ಎರಡು ಕೋಟ್. ಮಗುವನ್ನು ಕೂರಿಸೋ ಮೊದಲು ಮಗುವಿನ ಎರಡರಷ್ಟು ತೂಕದ ಮರಳು ಚೀಲ ಒಂದು ರಾತ್ರಿ ಇಡಿ. ಮೊದಲ ಅಳತೆಯನ್ನು ಫಿಸಿಯೋ ಅಥವಾ ಬಿಐಇಆರ್‌ಟಿ ಒಮ್ಮೆ ನೋಡಲಿ, ಸೊಂಟದ ಕೀಲು ಜಾರಿದ್ದರೆ ಲೆಕ್ಕವೇ ಬೇರೆ.

ತಟ್ಟೆಯ ಉಳಿದವರು ನೆಲದ ಮೇಲೆ, ಇವನೊಬ್ಬ ಮೇಲೆ ಆಗಬಾರದು. ಆ ಗುಂಪಿಗೆ ಬೆಂಚು ಕೊಡಿ.

ಬಳಪಕ್ಕೆ ಸೈಕಲ್ ಟ್ಯೂಬ್ ಸುತ್ತಿ 3 ಸೆಂಮೀ ದಪ್ಪ ಮಾಡಿ. ಬರೆಯೋದೇ ಗುರಿ ಅಲ್ಲದ ಕಾರ್ಡಿನಲ್ಲಿ ಬರೆಸಲೇಬೇಡಿ; ಉತ್ತರದ ಬಿಲ್ಲೆ ತಳ್ಳಲಿ, ಕಣ್ಣಲ್ಲಿ ತೋರಿಸಲಿ. ಮಾತಿಗೆ ಚಿತ್ರಫಲಕ: ಮೊದಲು ನಾಲ್ಕು ಚಿತ್ರ, ಅಭ್ಯಾಸವಾದ ಮೇಲೆ ಒಂಬತ್ತು. ಎಲ್ಲರೂ ಮಾಡೋ ತಪ್ಪು ನೀರು, ಊಟ, ಶೌಚ ಮೂರೇ ಹಾಕಿ ಮುಗಿಸೋದು. ಮಗುವಿಗೆ ಅದಷ್ಟೇ ಹೇಳೋಕಿರೋದಾ? "ಇನ್ನೊಂದು ಸಲ", "ಬೇಡ", "ನನ್ನ ಸರದಿ", "ನಂಗೊತ್ತು", "ಅವನು ಮೋಸ ಮಾಡ್ದ" ಹಾಕಿ. ಕೊನೆಯದು ಹಾಕಿದ ದಿನದಿಂದ ಫಲಕ ಬಳಕೆಗೆ ಬರುತ್ತೆ, ನೋಡ್ತಿರಿ.

ಕನ್ನಂಬಾಡಿ ಕಟ್ಟೆ:
ಎಲ್ಲರೂ ಒಬ್ಬೊಬ್ಬ ಮಗುವಿನ ಬಗ್ಗೆ ಹೇಳಿದಿರಿ. ನಾಲ್ವರೂ ಒಂದೇ ಆಟದಲ್ಲಿ ಇರುವಂಥದ್ದು ಕೋಣೆಗೆ ಎರಡು, ಬಯಲಿಗೆ ಒಂದು.

ಒಂದು, ಕಟ್ಟೆ ಅಳತೆಗೋಲು. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ. ಒಂದು ಅಡಿಗೆ ಒಂದು ಸೆಂಮೀ ಅಂತ 125 ಸೆಂಮೀ ಮರದ ಪಟ್ಟಿ ತಗೊಳ್ಳಿ. ಪ್ರತಿ 10ಕ್ಕೆ ಒಂದು ದಾರ ಬಿಗಿದು ಸುತ್ತಿ, 50 ಮತ್ತು 100ಕ್ಕೆ ಎರಡೆರಡು ಸುತ್ತು. ಬಟ್ಟೆ ಕ್ಲಿಪ್ ಒಂದು. ಮಳೆಗಾಲದಲ್ಲಿ ಪತ್ರಿಕೆಯಲ್ಲಿ ದಿನಾ ಮಟ್ಟ ಬರುತ್ತಲ್ಲ, ಶ್ರವಣ ಸಾಧನದ ಹುಡುಗ ಓದಿ ಬೆರಳಲ್ಲಿ ತೋರಿಸ್ತಾನೆ, ಇನ್ನೊಬ್ಬರು ಗಟ್ಟಿಯಾಗಿ ಹೇಳ್ತಾರೆ, ಕಾಣದ ಹುಡುಗಿ ದಾರ ಎಣಿಸಿ ಕ್ಲಿಪ್ ಹಾಕ್ತಾಳೆ, ಮೂರನೇ ತರಗತಿಯವಳು ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಲೆಕ್ಕ ಹಾಕ್ತಾಳೆ, ಕುರ್ಚಿಯ ಹುಡುಗ ಫಲಕದಲ್ಲಿ "ಏರಿತು / ಇಳಿಯಿತು / ಅಷ್ಟೇ" ತೋರಿಸ್ತಾನೆ. ದಶಮಾಂಶ ಈ ವಯಸ್ಸಿಗೆ ಬೇಡ, ಅಡಿಗೆ ನಿಲ್ಲಿಸಿ.

ಎರಡು, ಶ್ರೀರಂಗಪಟ್ಟಣದ ಉಬ್ಬು ನಕ್ಷೆ. ದ್ವೀಪ ಅನ್ನೋದನ್ನು ಮುಟ್ಟಿ ತಿಳಿಯೋಕೆ ಇದಕ್ಕಿಂತ ಒಳ್ಳೆ ಊರಿಲ್ಲ. ಪಶ್ಚಿಮದಲ್ಲಿ ಕಾವೇರಿ ಎರಡು ಕವಲಾಗುತ್ತೆ, ಪೂರ್ವದ ಸಂಗಮದಲ್ಲಿ ಕೂಡುತ್ತೆ. ಎ3 ರಟ್ಟು, ನೆಲಕ್ಕೆ ಮರಳು, ನೀರಿಗೆ ನುಣುಪಾದ ಪ್ಲಾಸ್ಟಿಕ್, ದಡಕ್ಕೆ ಹುರಿ. ಹರಿವಿನ ದಿಕ್ಕಿಗೆ ಒಂದು ಬೆಂಕಿಕಡ್ಡಿ ಬಾಣ. ಮೊದಲ ನಕ್ಷೆಯಲ್ಲಿ ಅಷ್ಟೇ! ದೇವಸ್ಥಾನ, ಕೋಟೆ, ರೈಲು ಹಳಿ, ಹೆದ್ದಾರಿ ಎಲ್ಲ ಒಂದರಲ್ಲೇ ತುಂಬಿದರೆ ಬೆರಳಿಗೆ ಅದು ಕಸದ ಗುಡ್ಡೆ. ಅವಕ್ಕೆ ಎರಡನೇ ನಕ್ಷೆ, ಅದೇ ಅಳತೆಯದು.

ಬಯಲಲ್ಲಿ ಲಗೋರಿ: ಕಲ್ಲಿನ ಬದಲು ಏಳು ಖಾಲಿ ತಗಡಿನ ಡಬ್ಬ, ಚೆಂಡಿಗೆ ಸರಸರ ಅನ್ನೋ ಪ್ಲಾಸ್ಟಿಕ್ ಚೀಲ ಬಿಗಿದು ಸುತ್ತಿ. ಬಿದ್ದದ್ದೂ ಕೇಳುತ್ತೆ, ಬರೋದೂ ಕೇಳುತ್ತೆ. ಉರುಳಿಸಿ ಹೊಡೆಯಬೇಕು, ಗಾಳಿಯಲ್ಲಿ ಎಸೆದರೆ ಚೀಲ ಸದ್ದು ಮಾಡಲ್ಲ.

ಮದ್ದೂರು ಸಂತೆ:
ಆಟಿಸಂ ಮಗು ಪಟ್ಟಿಯಲ್ಲಿಲ್ಲ, ಆದರೂ ಕೇಳ್ತೀನಿ. ಗಂಟೆ ಹೊಡೆದರೆ ಕಿವಿ ಮುಚ್ಚಿ ಓಡುವ ಮಗುವಿಗೆ?

ಬೆಲ್ಲದಚ್ಚು:
ಗಂಟೆಗೆ ಎರಡು ನಿಮಿಷ ಮೊದಲು ಕಾರ್ಡು ತೋರಿಸಿ, ಕೋಣೆಯೊಳಗೆ ಗಂಟೆಯಿಂದ ದೂರದ ಗೋಡೆ ಬದಿಗೆ ಬರಲಿ. ಕೆಲ ದಿನ ಬಿಟ್ಟು ಗಂಟೆ ಹೊಡೆಯೋ ಕೆಲಸವನ್ನೇ ಮೆಲ್ಲಗೆ ಕೊಟ್ಟು ನೋಡಿ. ತಾನೇ ಹೊಡೆಯೋ ಸದ್ದು ಹೆದರಿಸೋದು ಕಡಿಮೆ. ಒತ್ತಾಯ ಬೇಡ. ಉಳಿದಂತೆ ನಲಿ-ಕಲಿಯ ಲೋಗೊಗಳನ್ನೇ ದಿನಚರಿ ಪಟ್ಟಿ ಮಾಡಿ ಮೇಜಿಗೆ ಅಂಟಿಸಿ: ಮೊದಲು ಇದು, ಆಮೇಲೆ ಇದು. ಮುಗಿದ ಲೋಗೊ ಕಿತ್ತು ಡಬ್ಬಕ್ಕೆ. ರಜೆ, ಪ್ರವಾಸ, ಬಿಸಿಯೂಟದ ಬದಲಾವಣೆ ಹಿಂದಿನ ದಿನವೇ ಪಟ್ಟಿಯಲ್ಲಿ ಕಾಣಬೇಕು.

ಕಬ್ಬಿನಗದ್ದೆ ಮೇಷ್ಟ್ರು:
ಕೊನೇ ಪ್ರಶ್ನೆ. ಇಷ್ಟೆಲ್ಲ ಒಬ್ಬರೇ ಮಾಡೋಕೆ ವರ್ಷ ಬೇಕು. ಮೊದಲ ವಾರ ಯಾವುದು?

ಆರುಚುಕ್ಕಿ:
ಮೊಟ್ಟೆ ಟ್ರೇ ಎರಡು, ರ ಗ ಸ ದ ಅ ಐದು ಕಾರ್ಡಿಗೆ ಸ್ಟಿಕರ್ ಮತ್ತು ಮೂಲೆ ಕತ್ತರಿ.

ರಟ್ಟಿನ ಬಡಗಿ:
ಕುರ್ಚಿಯ ಅಳತೆ ಸೋಮವಾರವೇ ತಗೊಳ್ಳಿ, ಒಣಗೋಕೆ ದಿನ ಹಿಡಿಯುತ್ತೆ. ಅಲ್ಲಿವರೆಗೆ ಗೋಡೆ ಮೂಲೆಗೆ ಒರಗಿಸಿ, ಎರಡೂ ಬದಿಗೆ ರಾಗಿ ಹೊಟ್ಟು ತುಂಬಿದ ಚೀಲ, ಕಾಲ ಕೆಳಗೆ ಇಟ್ಟಿಗೆ ಮೇಲೆ ಗೋಣಿ.

ರಾಗಿಕಣಜ:
ಅಂತೂ ರಾಗಿಗೆ ಒಂದು ಕೆಲಸ ಸಿಕ್ತು.

ಗಂಗೋತ್ರಿ ದಾರಿ:
ಬ್ಯಾಟರಿ ಹಾಕಿದ ತಾರೀಕನ್ನು ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಆಮೇಲೆ ಆ ಹಾಳೆಯನ್ನು ಆರುಚುಕ್ಕಿಯವರಿಗೆ ಕೊಡಿ.